ತಿರುಳಿಗೆ ತಕ್ಕ ರೂಪ

ಕರ್ನಾಟಕದಲ್ಲಿ ಎಂಜಿನಿಯರಿಂಗ್ ಕಾಲೇಜು ಸೇರಬಯಸುವವರಿಗೆ ಪ್ರವೇಶ ಪರೀಕ್ಷೆಯ ರ‍್ಯಾಂಕೇ ಮುಖ್ಯ. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಅನೇಕ ಕಾಲೇಜುಗಳಾದರೋ ಅಂಕಗಳೊಡನೆ ವಿದ್ಯಾರ್ಥಿಯು ತನ್ನನ್ನು ಕುರಿತು ಬರೆದ ಪ್ರಬಂಧವನ್ನೂ ಕೇಳುತ್ತವೆ. 1975ರಲ್ಲಿ 15 ಕಾಲೇಜುಗಳು ಕೂಡಿ ಆರಂಭಿಸಿದ ‘ಕಾಮನ್ ಅಪ್ಲಿಕೇಷನ್’ ಎಂಬ ಸಮಾನ ಅರ್ಜಿಯನ್ನು ಇಂದು ಸಾವಿರಕ್ಕೂ ಹೆಚ್ಚು ವಿದ್ಯಾಸಂಸ್ಥೆಗಳು ಸ್ವೀಕರಿಸುತ್ತವೆ. ಅದರ ಮುಖ್ಯ ಪ್ರಬಂಧವು 650 ಪದಗಳನ್ನು ಮೀರುವಂತಿಲ್ಲ.

ಇಷ್ಟು ಕಿರಿದಾದ ಎಡೆಯಲ್ಲಿ ಸಾವಿರಾರು ಮಂದಿಯ ನಡುವೆ ತನ್ನ ಗುರುತನ್ನು ಕಾಣಿಸುವುದು ಹೇಗೆ? ಈ ಚಿಂತೆಯಿಂದ ಕೆಲವರು ಪ್ರಬಂಧವನ್ನು ಪತ್ರವಾಗಿ, ಸಂಭಾಷಣೆಯಾಗಿ, ದಿನಚರಿಯಾಗಿ, ಅಡುಗೆಯ ವಿಧಾನವಾಗಿ ಬರೆಯುವುದುಂಟು. ಕೆಲವು ವಿದ್ಯಾಸಂಸ್ಥೆಗಳೂ ಇಂತಹ ಸ್ವಾತಂತ್ರ್ಯಕ್ಕೆ ಇಂಬುಕೊಟ್ಟಿವೆ. ಷಿಕಾಗೋ ವಿಶ್ವವಿದ್ಯಾನಿಲಯವು ಒಮ್ಮೆ ‘ಎಕ್ಸ್ ಅನ್ನು ಕಂಡುಹಿಡಿಯಿರಿ’ ಎಂಬುದನ್ನೇ ಪ್ರಬಂಧದ ವಿಷಯವಾಗಿ ಕೊಟ್ಟಿತ್ತು.

ಹೊಸ ರೂಪವನ್ನು ಬರಿಯ ಆಡಂಬರವೆಂದು ತಳ್ಳಿಹಾಕುವುದು ಸರಿಯಲ್ಲ. ಹೊಸತೆಂಬ ಒಂದೇ ಕಾರಣಕ್ಕೆ ಅದನ್ನು ಮೆಚ್ಚುವುದೂ ಸರಿಯಲ್ಲ. ಒಬ್ಬ ವಿದ್ಯಾರ್ಥಿ ‘ಒಂದು ಬಟ್ಟಲು ಪರಿಶ್ರಮ, ಎರಡು ಚಮಚ ನಾಯಕತ್ವ’ ಎಂದು ತನ್ನ ಗುಣಗಳನ್ನು ಅಳೆದು ಬರೆದನೆನ್ನೋಣ. ಅದನ್ನು ಓದಿದವರಿಗೆ ಅವನ ವಿಷಯ ಏನೂ ತಿಳಿಯದು. ತಾಯಿ ರಾತ್ರಿಪಾಳಿಗೆ ಹೋಗುವ ಮನೆಯಲ್ಲಿ ಅಡುಗೆಯ ಹೊಣೆ ಹೊತ್ತ ಹುಡುಗಿಯೊಬ್ಬಳು ಇದೇ ರೂಪವನ್ನು ಆರಿಸಿಕೊಂಡಳೆನ್ನೋಣ. ಅನ್ನ ಬೇಯುವಷ್ಟರಲ್ಲಿ ತಮ್ಮನ ಲೆಕ್ಕವನ್ನು ತಿದ್ದುವುದು, ಒಲೆಯನ್ನು ಆರಿಸಿದ ಮೇಲೆ ತಾಯಿಯ ಪಾಲನ್ನು ತೆಗೆದು ಮುಚ್ಚಿಡುವುದು, ಅನಂತರ ತನ್ನ ಪಾಠಕ್ಕೆ ಕೂರುವುದು, ಇವೆಲ್ಲ ಅವಳ ವಿಧಾನದ ಹಂತಗಳಾಗುತ್ತವೆ. ‘ನಾನು ಹೊಣೆಯರಿತವಳು’ ಎಂದು ಅವಳು ಹೇಳಬೇಕಾಗಿಲ್ಲ. ಬರಹವೇ ಅದನ್ನು ತೋರಿಸುತ್ತದೆ.

ರೂಪವನ್ನು ಒರೆಹಚ್ಚಲು ಒಂದು ಸುಲಭವಾದ ಉಪಾಯವಿದೆ. ಅದನ್ನು ಕಳಚಿ ಸಾಮಾನ್ಯ ಗದ್ಯದಲ್ಲಿ ಬರೆದಾಗ ಅರ್ಥಕ್ಕೆ ಕೊರತೆಯುಂಟಾದರೆ ಆ ರೂಪ ಅಲ್ಲಿ ಅವಶ್ಯಕ. ಏನೂ ಕುಂದದಿದ್ದರೆ ಅದು ಬರಿಯ ಒಡವೆ. ಅಂಥಲ್ಲಿ ನೇರವಾದ ಗದ್ಯವೇ ಲೇಸು.

ಈ ವಿವೇಕ ಇಂದು ಮತ್ತಷ್ಟು ಅಗತ್ಯವಾಗಿದೆ. ಉಳ್ಳವರು ಹಣ ತೆತ್ತು ಸಲಹೆಗಾರರನ್ನು ಗೊತ್ತುಮಾಡಿಕೊಳ್ಳುತ್ತಾರೆ; ಗಣಕಯಂತ್ರವೂ ಕ್ಷಣಮಾತ್ರದಲ್ಲಿ ಪ್ರಬಂಧವನ್ನು ಹೆಣೆದುಕೊಡುತ್ತದೆ. ಚಮತ್ಕಾರವನ್ನು ಹೀಗೆ ಎರವಲು ತರಬಹುದು. ಆದರೆ ತಾನು ಕಂಡುದನ್ನು, ಉಂಡುದನ್ನು, ತಪ್ಪಿ ನಡೆದು ತಿದ್ದಿಕೊಂಡುದನ್ನು ಎರವಲು ತರಲಾಗದು. ಬಡವಿದ್ಯಾರ್ಥಿಯ ಬಳಿಯೂ ಆ ಬಂಡವಾಳವಿರುತ್ತದೆ. ಹೇಳಬೇಕಾದುದು ಏನೆಂಬುದನ್ನು ಮೊದಲು ಮನಗಂಡವನಿಗೆ, ಅದನ್ನು ಹೇಳಲು ತಕ್ಕ ರೂಪವೂ ದೊರೆಯದೆ ಹೋಗದು.