ತುರ್ತು ಬಾಗಿಲಿಗೆ ಅಡ್ಡ ಯಾರು?

ಹಾವೇರಿ: ರಾತ್ರಿ ಸ್ಲೀಪರ್ ಬಸ್ಸು ಹತ್ತುವವರು ಬರ್ತು ನೋಡ್ತಾರೆ, ಹಾಸಿಗೆ ಮುಟ್ಟಿ ನೋಡ್ತಾರೆ, ಎ.ಸಿ. ತಣ್ಣಗಿದೆಯೇ ಅಂತ ಕೇಳ್ತಾರೆ. ತುರ್ತು ಬಾಗಿಲು ಎಲ್ಲಿದೆ ಎಂದು ಕೇಳುವವರು ಅಪರೂಪ.

ಆದರೆ ಈ ಜಿಲ್ಲೆಯವರು ಕೇಳಲೇಬೇಕು. 2013ರ ನವೆಂಬರ್ 14ರ ನಸುಕಿನಲ್ಲಿ ಕುಣಿಮೆಳ್ಳಿಹಳ್ಳಿ ಬಳಿ ಬೆಂಗಳೂರು-ಮುಂಬೈ ಬಸ್ಸು ಹೊತ್ತಿ ಉರಿದು 7 ಜನ ಸತ್ತರು. ಅದಕ್ಕೆ ಹದಿನೈದು ದಿನ ಮೊದಲಷ್ಟೇ, ಅಕ್ಟೋಬರ್ 30ರಂದು, ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಪಾಲೆಂ ಬಳಿ ಮೋರಿಗೆ ಬಡಿದು, ಡೀಸೆಲ್ ಟ್ಯಾಂಕ್ ಒಡೆದು, 45 ಜನ ಸುಟ್ಟು ಹೋದರು. 2025ರ ಅಕ್ಟೋಬರ್ 24ರಂದು ಕರ್ನೂಲು ಬಳಿ ಮತ್ತದೇ ಕಥೆ. ಬಸ್ಸಿನಡಿ ಸಿಕ್ಕ ಮೋಟಾರ್ ಸೈಕಲ್ಲಿನಿಂದ ಬೆಂಕಿ. ಬಸ್ಸಿನೊಳಗಿದ್ದ 19 ಮಂದಿಯ ಸಾವು. ಸೀಟಿನ ಬಸ್ಸನ್ನೇ ಸ್ಲೀಪರ್ ಮಾಡಲಾಗಿತ್ತೆಂದೂ, ಲಗೇಜಿನಲ್ಲಿ ಮೊಬೈಲ್ ಫೋನುಗಳ ಪಾರ್ಸೆಲ್ ಇತ್ತೆಂದೂ ವರದಿಯಾಯಿತು.

ಬೆಂಕಿ ಬಿದ್ದ ಬಸ್ಸಿನಲ್ಲಿ ಸಿಗುವುದು ನಿಮಿಷಗಳ ಲೆಕ್ಕದ ಸಮಯ. ಮೇಲೆ ಕೆಳಗೆ ಬರ್ತು, ನಡುವೆ ಒಬ್ಬರೇ ನುಸುಳುವಷ್ಟು ದಾರಿ, ಫೋಮಿನ ಹಾಸಿಗೆ, ಬಟ್ಟೆಯ ಪರದೆ, ತೆರೆಯಲು ಬಾರದ ಗಾಜು. ಮುಂದಿನ ಬಾಗಿಲು ಜಾಮ್ ಆದರೆ ತುರ್ತು ಬಾಗಿಲೇ ಗತಿ. ಅದರ ಮುಂದೆ ಇನ್ನೊಂದು ಬರ್ತು ಕೂರಿಸಿದರೆ ಒಂದು ಟಿಕೆಟ್ಟಿನ ಲಾಭ, ನಾಲ್ಕು ಮೂಟೆ ಒಟ್ಟಿದರೆ ಬಾಡಿಗೆಯ ಲಾಭ! ಗಾಜು ಒಡೆಯುವ ಸುತ್ತಿಗೆ ಎಲ್ಲಿ ಎಂದರೆ, ‘ಮಂದಿ ಕದ್ದು ಒಯ್ತಾರ್ರೀ’ ಎಂಬ ಸಿದ್ಧ ಉತ್ತರ.

ಮೂಲ ವಿನ್ಯಾಸವನ್ನು ಮನಬಂದಂತೆ ಬದಲಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಫಿಟ್‌ನೆಸ್ ದಿನ ಎಲ್ಲ ಸರಿಯಾಗೇ ಇರುತ್ತದೆ. ತಪಾಸಣೆ ಆಗಬೇಕಾದದ್ದು ಜನ ತುಂಬಿದ ಬಸ್ಸು ಹೊರಡುವ ರಾತ್ರಿ.

ಪೇಟೆಯ ವ್ಯಾಪಾರಸ್ಥರಿಗೂ ಒಂದು ಮಾತು. ಲಾರಿಗೆ ಹಾಕಿದರೆ ತಡ, ಬಸ್ಸಿಗೆ ಹಾಕಿದರೆ ಬೆಳಗಾಗುವುದರೊಳಗೆ ಅಂಗಡಿಗೆ ಬರುತ್ತದೆಂದು ಪೇಂಟಿನ ಡಬ್ಬಿ, ಬ್ಯಾಟರಿ, ಪಟಾಕಿಯನ್ನೂ ಬಸ್ಸಿಗೇ ಹೇರಿಸುವುದುಂಟು. ಆ ಮಾಲಿನ ಮೇಲೆ ಯಾರದೋ ಮಗು ನಿದ್ದೆ ಮಾಡುತ್ತಿರುತ್ತದೆ. ನಾಳೆ ಅದು ಮಾಲು ತರಿಸಿದವರ ಮನೆಯ ಮಗುವೇ ಆದರೆ?

ಆರ್.ಟಿ.ಓ. ಸಾಹೇಬರು ಒಂದು ರಾತ್ರಿ ನಿದ್ದೆಗೆಟ್ಟು ಹೆದ್ದಾರಿಗೆ ಇಳಿಯಲಿ. ತುರ್ತು ಬಾಗಿಲು ತೆರೆಯದ ಬಸ್ಸನ್ನು ಅಲ್ಲೇ ನಿಲ್ಲಿಸಲಿ. ಪ್ರಯಾಣಿಕರೂ ಹತ್ತಿದ ಕೂಡಲೇ ಆ ಬಾಗಿಲು ಎಲ್ಲಿದೆ ಎಂದು ಕೇಳಲಿ. ಅಡ್ಡ ಇಟ್ಟ ಮೂಟೆ ಇಳಿಸುವ ತನಕ ಬಸ್ಸು ಬಿಡಗೊಡದಿರಲಿ. ಹತ್ತು ನಿಮಿಷ ತಡವಾದೀತು, ಆಗಲಿ. ಸತ್ತವರ ಮನೆಗೆ ಪರಿಹಾರದ ಚೆಕ್ಕು ಹಂಚುವುದಕ್ಕಿಂತ ಅದು ಸಾವಿರ ಪಾಲು ಮೇಲು.