ಬಿಸಿಲಿಗೆ ಹೋಗಬೇಡಿ ಅಂದರೆ ಕೂಲಿ ಯಾರು ಕೊಡ್ತಾರೆ?

ಕಡಲೆ ಕೀಳುವ ಹಂಗಾಮು. ರೋಣದ ಹತ್ತಿರ ಹೊಲವೊಂದರಲ್ಲಿ ಕೂಲಿಗೆ ಬಂದಿದ್ದ ಅಕ್ಕ ಒಬ್ಬರು ತಮ್ಮ ಕೈ ತೋರಿಸಿದರು. ಕಾಲಿನ ಗಾಯ ಕೀವಾಗಿದ್ದಕ್ಕೆ ಔಷಧಿ ಅಂಗಡಿಯಿಂದ ಗುಳಿಗೆ ತಂದು ನುಂಗುತ್ತಿದ್ದರು. ಗಾಯ ಮಾಯುತ್ತಿತ್ತು, ಆದರೆ ಮುಖ, ಕೈ, ಕತ್ತು ಸುಟ್ಟಂತೆ ಕಪ್ಪಾಗಿದ್ದವು. "ಗುಳಿಗಿ ಶುರು ಮಾಡಿದಾಗಿಂದ ಬಿಸಲಾಗ ಮಾರಿ ಉರೀತೈತ್ರಿ" ಅಂದರು. ಗುಳಿಗೆ ಪಟ್ಟಿ ನೋಡಿದೆ: ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ.

ಇದು ನಂಜೂ ಅಲ್ಲ, ದೃಷ್ಟಿಯೂ ಅಲ್ಲ. 1967ರಿಂದ ಬಳಕೆಯಲ್ಲಿರುವ ಈ ಆಂಟಿಬಯಾಟಿಕ್ ಚರ್ಮದೊಳಗೆ ಸೇರಿ ಸೂರ್ಯನ ನೇರಳಾತೀತ ಕಿರಣ ಹೀರಿಕೊಳ್ಳುತ್ತದೆ. ಆ ಶಕ್ತಿ ಸುತ್ತಲಿನ ಜೀವಕೋಶಗಳನ್ನೇ ಸುಡುತ್ತದೆ. ಬಟ್ಟೆ ಮುಚ್ಚಿದ ಜಾಗಕ್ಕೆ ಏನೂ ಆಗಲ್ಲ, ಗುರುತು ಹಿಡಿಯೋದೇ ಹಾಗೆ. ಎಲ್ಲರಿಗೂ ಹೀಗಾಗುವುದಿಲ್ಲ; ಆದರೆ ಡೋಸ್ ಮತ್ತು ಬಿಸಿಲು ಹೆಚ್ಚಿದಷ್ಟೂ ಅಪಾಯ ಹೆಚ್ಚು.

ವೈದ್ಯಕೀಯ ಪುಸ್ತಕದ ಪರಿಹಾರ ಸರಳ: ಬಿಸಿಲಿಂದ ದೂರ ಇರಿ. ಬೆಂಗಳೂರಿನ ಎಸಿ ಆಫೀಸಿನಲ್ಲಿ ಕೂರುವ ನನಗೆ ಅದು ಸಲಹೆ. ನರಗುಂದ, ಗಜೇಂದ್ರಗಡದ ಎರೆಹೊಲದಲ್ಲಿ ದುಡಿಯುವವರಿಗೆ ಅದು ಒಂದು ವಾರದ ಕೂಲಿ ನಷ್ಟ. ಕೃಷಿ ಕೂಲಿಗೆ ಇಎಸ್‌ಐ ಇಲ್ಲ, ಸಂಬಳದ ರಜೆಯೂ ಇಲ್ಲ.

ಡಾಕ್ಸಿಸೈಕ್ಲಿನ್ ಶೆಡ್ಯೂಲ್ ಎಚ್ ಔಷಧಿ. ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಕೇರಳ 2024ರ ಜನವರಿಯಲ್ಲಿ 'ಆಪರೇಷನ್ ಅಮೃತ್' ಹೆಸರಿನಲ್ಲಿ ಚೀಟಿಯಿಲ್ಲದ ಮಾರಾಟದ ಮೇಲೆ ದಾಳಿಗಿಳಿಯಿತು. ಇಲ್ಲೂ ಬೇಕು. ಆದರೆ ಆಸ್ಪತ್ರೆಗೆ ಹೋದರೆ ದಿನದ ಕೂಲಿ ಹೋಗುತ್ತದೆ ಅನ್ನುವವರಿಗೆ ಅಂಗಡಿ ಬಾಗಿಲು ಮಾತ್ರ ಮುಚ್ಚಿದರೆ, ಗಾಯ ಕೊಳೆಯುತ್ತದೆ ಅಷ್ಟೇ. ಸಂಜೆ ಹೊತ್ತು ತೆರೆದಿರುವ ಸರ್ಕಾರಿ ಆಸ್ಪತ್ರೆಯೂ ಜೊತೆಗೇ ಬೇಕು.

ಇನ್ನೊಂದು, ಎಂಜಿನಿಯರಿಂಗ್ ಓದಿದವನ ಸಿಟ್ಟು. 2023ರ ಆಗಸ್ಟ್‌ನಿಂದ 300 ಪ್ರಮುಖ ಬ್ರ್ಯಾಂಡ್‌ಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯ. ನಕಲಿ ಔಷಧಿ ಹಿಡಿಯಲು ಬ್ಯಾಚ್ ನಂಬರ್, ತಯಾರಿಕಾ ದಿನಾಂಕ ಎಲ್ಲ ಅದರಲ್ಲಿರಬೇಕು. ಬಿಸಿಲಿನ ಎಚ್ಚರಿಕೆಯನ್ನು ಕನ್ನಡದಲ್ಲಿ ಹೇಳಬೇಕು ಅಂತ ಮಾತ್ರ ನಿಯಮವಿಲ್ಲ. ಪಟ್ಟಿಯ ಮೇಲೆ ಒಂದು ಸೂರ್ಯನ ಚಿತ್ರ ಅಚ್ಚು ಹಾಕೋದಕ್ಕೆ ಎಷ್ಟು ಖರ್ಚಾದೀತು?

ಅದಕ್ಕಿಂತ ಅಗ್ಗದ್ದು ಒಂದು ಪ್ರಶ್ನೆ: "ಏನು ಕೆಲಸ ಮಾಡ್ತೀರಿ?" ಹೊಲದ ಕೆಲಸ ಅಂದರೆ, ಚರ್ಮದ ಎಷ್ಟೋ ಸೋಂಕುಗಳಿಗೆ ಸೆಫಲೆಕ್ಸಿನ್‌ನಂಥ ಬೇರೆ ಔಷಧಿ ಇದೆ. ಡಾಕ್ಸಿಸೈಕ್ಲಿನ್ನೇ ಬೇಕಾದರೆ ತುಂಬು ತೋಳು, ತಲೆಗೆ ಸೆರಗು, ಮಧ್ಯಾಹ್ನ ನೆರಳು ಅಂತ ಬಿಡಿಸಿ ಹೇಳಬಹುದು. ಉರಿ ಶುರುವಾದರೆ ಗುಳಿಗೆಯನ್ನು ಅರ್ಧಕ್ಕೆ ಎಸೆದು ಸುಮ್ಮನಾಗಬೇಡಿ, ತಕ್ಷಣ ವೈದ್ಯರನ್ನು ಕಂಡು ಬದಲಿಸಿಕೊಳ್ಳಿ ಅಂತಲೂ.

1980ರಲ್ಲಿ ನೀರಾವರಿ ಕರದ ಲೆಕ್ಕ ಕೇಳಿ ಬಂಡೆದ್ದ ಸೀಮೆ ಇದು. ನುಂಗುವ ಗುಳಿಗೆಯ ಲೆಕ್ಕವನ್ನೂ ಕೇಳೋಣ. ಆ ಅಕ್ಕ ಮರುದಿನ ಆಸ್ಪತ್ರೆಗೆ ಹೋಗಿ ಔಷಧಿ ಬದಲಿಸಿಕೊಂಡರು. ಅವತ್ತಿನ ಕೂಲಿ ಹೋಯಿತು.