ರಿಪೇರಿಯ ವ್ಯಾಜ್ಯ

ಹೊಗೆಯುಗುಳುವ ಸ್ಕೂಟರನ್ನು ಗೃಹಸ್ಥನು ಗ್ಯಾರೇಜಿಗೆ ಒಪ್ಪಿಸುತ್ತಾನೆ. ವಾರ ಕಳೆದು ಹೋಗಿ ನೋಡಿದರೆ ಹೊಗೆ ಇದ್ದಂತೆಯೇ ಇದೆ. ಮೆಕ್ಯಾನಿಕನಾದರೋ ಪೂರ್ತಿ ಹಣ ಸಲ್ಲದೆ ಗಾಡಿಯನ್ನು ಬಿಡೆನೆನ್ನುತ್ತಾನೆ. ಹಾಗೆ ತಡೆದಿಡಲು ಅವನಿಗೆ ಅಧಿಕಾರವುಂಟೇ ಎಂದು ವಾಚಕರು ನಮ್ಮನ್ನು ಕೇಳುವುದುಂಟು.

ಉಂಟು, ಆದರೆ ನಿರ್ಬಂಧದೊಡನೆ. 1872ರ ಕರಾರು ಕಾಯಿದೆಯ 170ನೆಯ ಕಲಮು ಇದಕ್ಕೆ ವಜ್ರದ ದೃಷ್ಟಾಂತವನ್ನು ಕೊಡುತ್ತದೆ. ಒರಟು ವಜ್ರವನ್ನು ಸಾಣೆ ಹಿಡಿಯಲು ಕೊಟ್ಟಲ್ಲಿ, ಅದರಂತೆ ಕೆಲಸ ಮುಗಿಸಿದವನು ಕೂಲಿ ಸಲ್ಲುವವರೆಗೆ ಅದನ್ನು ಇಟ್ಟುಕೊಳ್ಳಬಹುದು. 'ಅದರಂತೆ' ಎಂಬುದೇ ಇಲ್ಲಿಯ ಜೀವಾಳ. ಒಪ್ಪಿದ ಕೆಲಸವನ್ನೇ ಮಾಡದವನಿಗೆ ಈ ಹಕ್ಕು ಸಿದ್ಧಿಸದು. ಆದರೂ ಗ್ಯಾರೇಜಿನ ಬಾಗಿಲು ಶಾಸ್ತ್ರಾರ್ಥಕ್ಕೆ ಸ್ಥಳವಲ್ಲ. 'ಆಕ್ಷೇಪಣೆಯೊಡನೆ ತೆತ್ತಿದೆ' ಎಂದು ಬಿಲ್ಲಿನ ಮೇಲೆ ಬರೆದು, ಹಣ ಕೊಟ್ಟು ಗಾಡಿಯನ್ನು ಬಿಡಿಸಿಕೊಳ್ಳುವುದು ಲೇಸು. ಬಿಲ್ಲನ್ನೇ ಕೊಡೆನೆಂದರೆ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಅದೇ ಒಂದು ಅನುಚಿತ ವ್ಯಾಪಾರವಾಗುತ್ತದೆ.

ಬಳಿಕ ಎರಡು ವರ್ಷಗಳೊಳಗೆ, ತಾವು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ವಕೀಲರು ಬೇಕೆಂಬ ಕಡ್ಡಾಯವಿಲ್ಲ. ತೆತ್ತ ಹಣ 5 ಲಕ್ಷ ರೂಪಾಯಿಗಳನ್ನು ಮೀರದಿದ್ದಲ್ಲಿ ಶುಲ್ಕವೂ ಇಲ್ಲ. ಆದರೆ ಗಾಡಿಯನ್ನು ಬೇರೆಡೆ ಸರಿಪಡಿಸಿಕೊಳ್ಳುವ ಮುನ್ನ, ಉಳಿದಿದ್ದ ದೋಷವನ್ನು ಆ ಎರಡನೆಯ ಮೆಕ್ಯಾನಿಕನಿಂದ ಬರೆಯಿಸಿ, ರುಜು ಹಾಕಿಸಿ ಇಟ್ಟುಕೊಳ್ಳತಕ್ಕದ್ದು. ಹೊಗೆ ನಿಂತ ಮೇಲೆ ಅದಕ್ಕೆ ಸಾಕ್ಷಿ ದೊರೆಯುವುದಿಲ್ಲ.